ಬೋರಲು ಹಾಕಿದ ಪೀಪಾಯಿ

ಹೈದರಾಬಾದಿನ ಬೇಗಂಪೇಟೆಯಲ್ಲಿ ರೊನಾಲ್ಡ್ ರಾಸ್ ಹೆಸರಿನ ಹಳೆ ಕಟ್ಟಡ ಕಂಡಾಗಲೆಲ್ಲ ನನಗೆ ಬೆಂಗಳೂರು ನೆನಪಾಗುತ್ತದೆ.

1857ರಲ್ಲಿ ಅಲ್ಮೋರದಲ್ಲಿ ಹುಟ್ಟಿದ ರಾಸ್ ತಂದೆಯ ಒತ್ತಾಯಕ್ಕೆ ಡಾಕ್ಟರಾದವರು. ಮನಸ್ಸು ಕವಿತೆ, ಗಣಿತದ ಕಡೆಗಿತ್ತು. 1883ರಲ್ಲಿ ಬೆಂಗಳೂರು ದಂಡಿನಲ್ಲಿದ್ದಾಗ ಕಿಟಕಿಯಾಚೆ ಇದ್ದ ನೀರಿನ ಪೀಪಾಯಿ ಬೋರಲು ಹಾಕಿಸಿದರು. ಸೊಳ್ಳೆಕಾಟ ತಗ್ಗಿತು. ಉಳಿದವನ್ನೂ ಖಾಲಿ ಮಾಡಿಸೋಣ ಎಂದರೆ ದಂಡಿನ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಆಗ ರಾಸ್‌ಗೂ ಗೊತ್ತಿರಲಿಲ್ಲ.

ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಎಂಬ ರೋಗಿಗೆ ಕಡಿತಕ್ಕೊಂದಾಣೆ ಕೊಟ್ಟು ಸೊಳ್ಳೆ ಕಚ್ಚಿಸಿದರು. (ಇವತ್ತು ಯಾವ ಸಮಿತಿಯೂ ಇದಕ್ಕೆ ಒಪ್ಪದು!) 1897ರ ಆಗಸ್ಟ್ 20ರಂದು ಅಂಥ ಸೊಳ್ಳೆಯೊಂದರ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣು ಕಂಡಿತು. 1902ರಲ್ಲಿ ನೊಬೆಲ್ ಬಂತು.

ನನಗೆ ಹೆಚ್ಚು ಹಿಡಿಸುವುದು ಆಮೇಲಿನ ರಾಸ್. ಊರಿನ ಸೊಳ್ಳೆಗಳನ್ನೆಲ್ಲ ಕೊಲ್ಲಲಾದೀತೇ ಎಂದು ಕೈಚೆಲ್ಲಿದವರಿಗೆ ಅವರು ಲೆಕ್ಕದಲ್ಲೇ ಉತ್ತರಿಸಿದರು. ಎಲ್ಲವನ್ನೂ ಕೊಲ್ಲಬೇಕಿಲ್ಲ, ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ರೋಗ ತಾನಾಗಿ ನಂದುತ್ತದೆ. ಮಾರಿಷಸ್ ಸುತ್ತಿಬಂದು 1908ರಲ್ಲಿ ಕೊಟ್ಟ ವರದಿಯಲ್ಲೂ 1911ರ ಪುಸ್ತಕದಲ್ಲೂ ಈ ಸಮೀಕರಣಗಳಿವೆ. ಚರಂಡಿ ತೋಡಿ, ನಿಂತ ನೀರು ಹರಿಯಬಿಡುವ ಕೆಲಸಕ್ಕೆ ಹೀಗೆ ಗಣಿತದ ಆಧಾರ ಸಿಕ್ಕಿತು. ಬೆಂಗಳೂರಿನಲ್ಲಿ ಬೇಡವೆನಿಸಿದ್ದೂ ಇದೇ ಕೆಲಸ.

ರಾಸ್ 1932ರಲ್ಲಿ ತೀರಿಕೊಂಡರು. ಮಳೆ ನಿಂತ ಮೇಲೆ ನಮ್ಮ ಬಾಲ್ಕನಿಯ ಹೂಕುಂಡದ ತಟ್ಟೆಗಳನ್ನು ನಾನೇ ಬೋರಲು ಹಾಕುತ್ತೇನೆ.