ಮಕ್ಕಳ ಬುದ್ಧಿ ಅಳೆದ ಆಲ್ಫ್ರೆಡ್ ಬಿನೆ

ಆಲ್ಫ್ರೆಡ್ ಬಿನೆ 1857ರಲ್ಲಿ ನೀಸ್ ನಗರದಲ್ಲಿ ಜನಿಸಿದರು. ಓದಿದ್ದು ಕಾನೂನು, ಮನಶ್ಶಾಸ್ತ್ರವನ್ನು ತಾವೇ ಓದಿ ಕಲಿತರು. ಮೊದಲು ಮಕ್ಕಳ ತಲೆಯ ಅಳತೆ ತೆಗೆದು ನೋಡಿದರು. ಜಾಣರಿಗೂ ಉಳಿದವರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ, ಆ ದಾರಿ ಬಿಟ್ಟರು.

1904ರಲ್ಲಿ ಫ್ರೆಂಚ್ ಸರ್ಕಾರ ಒಂದು ಸಮಿತಿ ರಚಿಸಿತು. ಹಿಂದುಳಿದ ಮಕ್ಕಳಿಗೆ ವಿಶೇಷ ಶಿಕ್ಷಣ ಕೊಡಬೇಕಿತ್ತು. ಆದರೆ ಅವರನ್ನು ಗುರುತಿಸುವುದು ಹೇಗೆ? ಶಿಕ್ಷಕರ ಮಾತನ್ನಷ್ಟೇ ನಂಬಿದರೆ ತುಂಟ ಹುಡುಗನೂ ದಡ್ಡರ ಪಟ್ಟಿಗೆ ಸೇರಿಬಿಡಬಹುದು! 1905ರಲ್ಲಿ ಬಿನೆಯವರು ಥಿಯೋಡೋರ್ ಸಿಮೊನ್ ಜೊತೆ 30 ಪ್ರಶ್ನೆ, ಚಟುವಟಿಕೆಗಳ ಪರೀಕ್ಷೆ ಸಿದ್ಧಪಡಿಸಿದರು. ಸುಲಭದಿಂದ ಕಠಿಣಕ್ಕೆ ಹೋಗುವ ಕ್ರಮ. ಒಬ್ಬೊಬ್ಬ ಮಗುವನ್ನೇ ಕೂರಿಸಿಕೊಂಡು ಕೇಳಬೇಕು. 1908ರಲ್ಲಿ ಪ್ರಶ್ನೆಗಳನ್ನು ವಯಸ್ಸಿಗೆ ತಕ್ಕಂತೆ ವಿಂಗಡಿಸಿದರು.

ಫಲಿತಾಂಶ ಮಗುವಿನ ಅಂದಿನ ಸ್ಥಿತಿಯನ್ನು ಮಾತ್ರ ಹೇಳುತ್ತದೆ ಎಂಬುದು ಅವರ ನಿಲುವು. ನಮ್ಮ ಬ್ಯಾಲೆನ್ಸ್ ಶೀಟ್ ಮಾರ್ಚ್ 31ರ ಸ್ಥಿತಿ ತೋರಿಸುವ ಹಾಗೆ. ಮರುದಿನವೇ ವ್ಯಾಪಾರ ಮುಂದುವರಿಯುತ್ತದಲ್ಲ! ಬುದ್ಧಿ ಬೆಳೆಯುತ್ತದೆಂದು ನಂಬಿ, ಮಕ್ಕಳ ಗಮನ, ನೆನಪು ಹೆಚ್ಚಿಸುವ ಅಭ್ಯಾಸಗಳನ್ನೂ ರೂಪಿಸಿದರು. ನನಗಂತೂ ಪರೀಕ್ಷೆಗಿಂತ ಈ ಕೆಲಸವೇ ದೊಡ್ಡದು ಅನಿಸುತ್ತದೆ.

1911ರಲ್ಲಿ, 54ನೇ ವಯಸ್ಸಿನಲ್ಲಿ, ಪ್ಯಾರಿಸ್‌ನಲ್ಲಿ ತೀರಿಕೊಂಡರು. ಐದು ವರ್ಷಗಳ ನಂತರ ಅಮೆರಿಕದಲ್ಲಿ ಅದೇ ಪರೀಕ್ಷೆಯನ್ನು ಪರಿಷ್ಕರಿಸಿ ಹೊರತಂದ ಲೂಯಿಸ್ ಟರ್ಮನ್, ಬುದ್ಧಿ ಹುಟ್ಟಿನಿಂದಲೇ ಬರುವುದೆಂದು ನಂಬಿದ್ದರು.