ಎಚ್. ಟ್ರೆಂಡ್ಲಿ ಡೀನ್

ಹೆನ್ರಿ ಟ್ರೆಂಡ್ಲಿ ಡೀನ್ (ಆಗಸ್ಟ್ ೨೫, ೧೮೯೩ – ಮೇ ೧೩, ೧೯೬೨) ಅಮೆರಿಕದ ದಂತವೈದ್ಯರು ಹಾಗೂ ಸಾರ್ವಜನಿಕ ಆರೋಗ್ಯ ಸಂಶೋಧಕರು. ಕುಡಿಯುವ ನೀರಿನಲ್ಲಿರುವ ಫ್ಲೋರೈಡ್‌ಗೂ ಹಲ್ಲಿನ ಆರೋಗ್ಯಕ್ಕೂ ಇರುವ ಸಂಬಂಧವನ್ನು ಜನಸಮುದಾಯದ ಸಮೀಕ್ಷೆಗಳ ಮೂಲಕ ನಿರೂಪಿಸಿದವರಲ್ಲಿ ಇವರು ಪ್ರಮುಖರು. ದಂತ ಫ್ಲೋರೋಸಿಸ್‌ನ ತೀವ್ರತೆಯನ್ನು ವರ್ಗೀಕರಿಸಲು ಇವರು ರೂಪಿಸಿದ ಕ್ರಮವು 'ಡೀನ್ ಸೂಚ್ಯಂಕ' ಎಂದು ಪ್ರಸಿದ್ಧವಾಗಿದೆ. ಅಮೆರಿಕದ ರಾಷ್ಟ್ರೀಯ ದಂತ ಸಂಶೋಧನಾ ಸಂಸ್ಥೆಗೆ ಇವರೇ ಮೊದಲ ನಿರ್ದೇಶಕರು.

ಜನನ ಮತ್ತು ಶಿಕ್ಷಣ

ಡೀನ್ ಜನಿಸಿದ್ದು ಇಲಿನಾಯ್ ರಾಜ್ಯದಲ್ಲಿ. ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದಿಂದ ೧೯೧೬ರಲ್ಲಿ ದಂತವೈದ್ಯ ಪದವಿ ಪಡೆದು, ಇಲಿನಾಯ್‌ನ ವುಡ್ ರಿವರ್ ಪಟ್ಟಣದಲ್ಲಿ ವೃತ್ತಿಯನ್ನು ಆರಂಭಿಸಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೇನೆಯ ದಂತವೈದ್ಯ ವಿಭಾಗದಲ್ಲಿ ಸೇವೆ ಸಲ್ಲಿಸಿದರು. ೧೯೨೧ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯನ್ನು ಸೇರಿದರು.

ಸಂಶೋಧನೆಯ ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊಲರಾಡೊ ಸ್ಪ್ರಿಂಗ್ಸ್ ನಗರದ ಅನೇಕರ ಹಲ್ಲುಗಳ ಮೇಲೆ ಕಂದು ಬಣ್ಣದ ಕಲೆಗಳಿರುವುದನ್ನು ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ಗಮನಿಸಿದ್ದರು. ಅದು ಹುಟ್ಟಿದಂದಿನಿಂದ ಅಲ್ಲಿಯೇ ಬೆಳೆದವರಲ್ಲಿ ಕಾಣುತ್ತಿತ್ತು. ಆದರೆ ಇಂತಹ ಹಲ್ಲುಗಳು ಹುಳುಕಾಗುವುದು ಕಡಿಮೆ ಎಂಬುದೂ ಅವರ ಅನುಭವಕ್ಕೆ ಬಂದಿತ್ತು. ನೀರಿನಲ್ಲಿ ಏನೋ ಇರಬೇಕೆಂಬ ಅವರ ಊಹೆ ೧೯೩೧ರಲ್ಲಿ ದೃಢಪಟ್ಟಿತು. ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ ಅವರು ಕಲೆಗೆ ಕಾರಣವಾದ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವುದನ್ನು ಕಂಡುಹಿಡಿದರು.

ಅದೇ ವರ್ಷ ಡೀನ್ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ನಿಯೋಜಿತರಾದರು. ಅವರ ಮುಂದೆ ಎರಡು ಪ್ರಶ್ನೆಗಳಿದ್ದವು. ಯಾವ ಪ್ರಮಾಣದ ಫ್ಲೋರೈಡ್‌ನಿಂದ ಹಲ್ಲು ಕೆಡುತ್ತದೆ? ಹಲ್ಲನ್ನು ಕೆಡಿಸದೆ ಹುಳುಕಿನಿಂದ ಕಾಪಾಡುವ ಪ್ರಮಾಣವೊಂದು ಇದೆಯೇ? ನೀರಿನ ಫ್ಲೋರೈಡನ್ನು ನಿಖರವಾಗಿ ಅಳೆಯುವ ವಿಧಾನವನ್ನು ಅವರ ಸಹೋದ್ಯೋಗಿ, ರಸಾಯನಶಾಸ್ತ್ರಜ್ಞ ಇಲಾಯಸ್ ಎಲ್ವೋವ್ ರೂಪಿಸಿಕೊಟ್ಟರು. ಹಲ್ಲಿನ ಕಲೆಯನ್ನು ಅಳೆಯುವ ಮಾನದಂಡವನ್ನು ಡೀನ್ ಅವರೇ ನಿರ್ಮಿಸಬೇಕಾಯಿತು.

ಡೀನ್ ಸೂಚ್ಯಂಕ

೧೯೩೪ರಲ್ಲಿ ಪ್ರಕಟವಾದ ಮೊದಲ ವರ್ಗೀಕರಣದಲ್ಲಿ ಏಳು ವರ್ಗಗಳಿದ್ದವು. ೧೯೪೨ರಲ್ಲಿ ಅವುಗಳನ್ನು ಆರಕ್ಕೆ ಇಳಿಸಲಾಯಿತು. ಪ್ರತಿ ವರ್ಗಕ್ಕೂ ಒಂದು ಅಂಕವಿದೆ:

- ಸಾಮಾನ್ಯ (೦): ನುಣುಪಾದ, ಹೊಳಪುಳ್ಳ, ಕೆನೆಬಣ್ಣದ ಎನಾಮೆಲ್.
- ಸಂದೇಹಾಸ್ಪದ (೦.೫): ಅಲ್ಲಲ್ಲಿ ಒಂದೆರಡು ಬಿಳಿ ಚುಕ್ಕೆಗಳು.
- ಅತಿ ಸೌಮ್ಯ (೧): ಹಲ್ಲಿನ ಮೇಲ್ಮೈಯ ಕಾಲುಭಾಗವನ್ನು ಮೀರದ, ಕಾಗದದಂತಹ ಬಿಳಿ ಮಚ್ಚೆಗಳು.
- ಸೌಮ್ಯ (೨): ಅರ್ಧಭಾಗವನ್ನು ಮೀರದ ಬಿಳಿ ಮಚ್ಚೆಗಳು.
- ಮಧ್ಯಮ (೩): ಎನಾಮೆಲ್‌ನ ಎಲ್ಲ ಮೇಲ್ಮೈಗಳಲ್ಲಿ ಬದಲಾವಣೆ, ಸವೆತ, ಬಹುತೇಕ ಕಂದು ಕಲೆ.
- ತೀವ್ರ (೪): ಎನಾಮೆಲ್‌ನಲ್ಲಿ ಕುಳಿಗಳು, ವ್ಯಾಪಕ ಕಂದು ಕಲೆ, ಹಲ್ಲಿನ ಆಕಾರದಲ್ಲಿಯೇ ವ್ಯತ್ಯಾಸ.

ಒಬ್ಬ ವ್ಯಕ್ತಿಯ ಬಾಯಿಯಲ್ಲಿ ಹೆಚ್ಚು ಬಾಧಿತವಾದ ಎರಡು ಹಲ್ಲುಗಳನ್ನು ನೋಡಿ ಅಂಕ ನೀಡಲಾಗುತ್ತದೆ. ಅವೆರಡರಲ್ಲಿ ವ್ಯತ್ಯಾಸವಿದ್ದರೆ ಕಡಿಮೆ ಬಾಧಿತವಾದ ಹಲ್ಲಿನ ಅಂಕವನ್ನೇ ಪರಿಗಣಿಸಲಾಗುತ್ತದೆ. ಊರಿನ ಎಲ್ಲರ ಅಂಕಗಳನ್ನು ಕೂಡಿಸಿ, ಪರೀಕ್ಷಿತರ ಸಂಖ್ಯೆಯಿಂದ ಭಾಗಿಸಿದರೆ ಸಮುದಾಯ ಫ್ಲೋರೋಸಿಸ್ ಸೂಚ್ಯಂಕ ದೊರೆಯುತ್ತದೆ. ಉದಾಹರಣೆಗೆ, ೧೦೦ ಮಕ್ಕಳಲ್ಲಿ ೬೦ ಮಂದಿ ಸಾಮಾನ್ಯ, ೨೦ ಮಂದಿ ಸಂದೇಹಾಸ್ಪದ, ೧೫ ಮಂದಿ ಅತಿ ಸೌಮ್ಯ, ೫ ಮಂದಿ ಸೌಮ್ಯ ವರ್ಗದಲ್ಲಿದ್ದರೆ ಒಟ್ಟು ಅಂಕ ೩೫, ಸೂಚ್ಯಂಕ ೦.೩೫. ಸೂಚ್ಯಂಕವು ೦.೪ಕ್ಕಿಂತ ಕಡಿಮೆಯಿದ್ದರೆ ಆತಂಕವಿಲ್ಲ, ೦.೪ರಿಂದ ೦.೬ರವರೆಗೆ ಗಡಿರೇಖೆ, ೦.೬ನ್ನು ಮೀರಿದರೆ ಸಾರ್ವಜನಿಕ ಆರೋಗ್ಯದ ಸಮಸ್ಯೆ ಎಂದು ಡೀನ್ ಪರಿಗಣಿಸಿದರು.

ಇಪ್ಪತ್ತೊಂದು ನಗರಗಳ ಅಧ್ಯಯನ

೧೯೩೯ರಲ್ಲಿ ಇಲಿನಾಯ್‌ನ ನಾಲ್ಕು ನಗರಗಳ ಮಕ್ಕಳನ್ನು ಹೋಲಿಸಿದ ವರದಿ ಪ್ರಕಟವಾಯಿತು. ಫ್ಲೋರೈಡ್ ಹೆಚ್ಚಿದ್ದ ಗೇಲ್ಸ್‌ಬರ್ಗ್ ಮತ್ತು ಮನ್ಮತ್ ನಗರಗಳಿಗಿಂತ, ಅದು ಕಡಿಮೆಯಿದ್ದ ಮಕೋಂಬ್ ಮತ್ತು ಕ್ವಿನ್ಸಿ ನಗರಗಳಲ್ಲಿ ದಂತಕ್ಷಯವು ಎರಡು ಪಟ್ಟಿಗೂ ಅಧಿಕವಾಗಿತ್ತು. ಅನಂತರ ಅಧ್ಯಯನವು ನಾಲ್ಕು ರಾಜ್ಯಗಳ ೨೧ ನಗರಗಳಿಗೆ ವಿಸ್ತರಿಸಿತು. ೧೨ರಿಂದ ೧೪ ವರ್ಷದ ೭,೨೫೭ ಮಕ್ಕಳನ್ನು ಪರೀಕ್ಷಿಸಿದ ಫಲಿತಾಂಶ ೧೯೪೨ರಲ್ಲಿ ಹೊರಬಂದಿತು. ನೀರಿನಲ್ಲಿ ಫ್ಲೋರೈಡ್ ದಶಲಕ್ಷಕ್ಕೆ ಒಂದು ಭಾಗದಷ್ಟು ಇದ್ದಲ್ಲಿ ದಂತಕ್ಷಯ ಬಹಳವಾಗಿ ಇಳಿದಿತ್ತು. ಫ್ಲೋರೋಸಿಸ್ ಇದ್ದರೂ ಸೌಮ್ಯವಾಗಿತ್ತು. ಪ್ರಮಾಣ ಅದಕ್ಕಿಂತ ಹೆಚ್ಚಿದಾಗ ಹುಳುಕಿನ ಇಳಿಕೆ ಅಷ್ಟಾಗಿ ಮುಂದುವರಿಯದೆ ಕಲೆಯ ತೀವ್ರತೆ ಮಾತ್ರ ಏರುತ್ತಿತ್ತು.

ಗ್ರ್ಯಾಂಡ್ ರ‍್ಯಾಪಿಡ್ಸ್ ಪ್ರಯೋಗ

ಜನವರಿ ೨೫, ೧೯೪೫ರಂದು ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದ ನೀರಿಗೆ ಫ್ಲೋರೈಡ್ ಬೆರೆಸಲಾಯಿತು. ಇಂತಹ ಕ್ರಮ ಕೈಗೊಂಡ ಜಗತ್ತಿನ ಮೊದಲ ನಗರ ಇದು. ನೆರೆಯ ಮಸ್ಕೀಗನ್ ನಗರವನ್ನು ಹೋಲಿಕೆಗಾಗಿ ಇರಿಸಿಕೊಳ್ಳಲಾಗಿತ್ತು. ಆದರೆ ಪ್ರಯೋಗ ಪೂರ್ಣಗೊಳ್ಳುವ ಮೊದಲೇ, ೧೯೫೦ರಲ್ಲಿ, ಸಾರ್ವಜನಿಕ ಆರೋಗ್ಯ ಸೇವೆಯು ಫ್ಲೋರೈಡೀಕರಣವನ್ನು ಅನುಮೋದಿಸಿತು. ೧೯೫೧ರಲ್ಲಿ ಮಸ್ಕೀಗನ್ ಕೂಡ ಅದನ್ನು ಅಳವಡಿಸಿಕೊಂಡಿತು. ಇದರಿಂದ ಹೋಲಿಕೆಗೆ ಊರೇ ಇಲ್ಲದಂತಾಯಿತು. ಫ್ಲೋರೈಡ್ ಬೆರೆಸಿದ ನಂತರ ಜನಿಸಿದ ಮಕ್ಕಳಲ್ಲಿ ದಂತಕ್ಷಯವು ಶೇಕಡ ೬೦ಕ್ಕೂ ಹೆಚ್ಚು ಇಳಿದಿತ್ತು. ಆದರೂ ಈ ಆರಂಭಿಕ ಅಧ್ಯಯನಗಳ ವಿಧಾನ, ಜನರ ಸಮ್ಮತಿ ಹಾಗೂ ಪ್ರಯೋಜನದ ಪ್ರಮಾಣದ ಕುರಿತ ಚರ್ಚೆ ಇಂದಿಗೂ ಮುಗಿದಿಲ್ಲ.

ವಸಡಿನ ರೋಗಗಳ ಸಮೀಕ್ಷೆ

ಯುದ್ಧಕಾಲದಲ್ಲಿ ಹರಡಿದ್ದ, ವಸಡಿನಲ್ಲಿ ಹುಣ್ಣುಂಟುಮಾಡುವ ವಿನ್ಸೆಂಟ್ ಸೋಂಕಿನ ಕುರಿತೂ ಡೀನ್ ೧೯೪೫ರಲ್ಲಿ ಸಹಲೇಖಕರೊಡನೆ ಪ್ರಬಂಧ ಪ್ರಕಟಿಸಿದರು. ವಸಡಿನ ರೋಗಗಳಿಗೂ ಇಂತಹುದೇ ಅಂಕಕ್ರಮಗಳು ಮುಂದೆ ಬಂದವು. ೧೯೫೬ರಲ್ಲಿ ಆಲ್ಬರ್ಟ್ ರಸೆಲ್ ರೂಪಿಸಿದ ಸೂಚ್ಯಂಕದಲ್ಲಿ ಪ್ರತಿ ಹಲ್ಲಿನ ಸುತ್ತಲಿನ ಸ್ಥಿತಿಗೆ ಅಂಕ ನೀಡಿ ಸರಾಸರಿ ತೆಗೆಯಲಾಗುತ್ತದೆ. ೧೯೮೨ರಲ್ಲಿ ಪ್ರಕಟವಾದ, ವಿಶ್ವ ಆರೋಗ್ಯ ಸಂಸ್ಥೆ ಬಳಕೆಗೆ ತಂದ ಕ್ರಮದಲ್ಲಿ ಆರೋಗ್ಯಕರ ವಸಡಿಗೆ ೦, ರಕ್ತಸ್ರಾವಕ್ಕೆ ೧, ಹಲ್ಲಿನ ಗಾರೆಗೆ ೨, ೪–೫ ಮಿಲಿಮೀಟರ್ ಆಳದ ವಸಡಿನ ಸಂದಿಗೆ ೩, ೬ ಮಿಲಿಮೀಟರ್ ಅಥವಾ ಅದಕ್ಕೂ ಆಳವಾದುದಕ್ಕೆ ೪ ಎಂಬ ಸಂಕೇತಗಳಿವೆ.

ವಿಮರ್ಶೆ ಮತ್ತು ಪ್ರಸ್ತುತತೆ

ಡೀನ್ ಸೂಚ್ಯಂಕದ 'ಸಂದೇಹಾಸ್ಪದ' ವರ್ಗ ಅಸ್ಪಷ್ಟವೆಂಬ ಆಕ್ಷೇಪವಿದೆ. ತೀವ್ರ ಸ್ವರೂಪದ ರೋಗದಲ್ಲಿರುವ ಹಂತಗಳನ್ನು ಅದು ಒಂದೇ ವರ್ಗದಲ್ಲಿ ಸೇರಿಸುತ್ತದೆ. ಈ ಕೊರತೆಯನ್ನು ನೀಗಲು ೧೯೭೮ರಲ್ಲಿ ಥೈಲ್‌ಸ್ಟ್ರಪ್ ಮತ್ತು ಫೆಯೆರ್‌ಸ್ಕೋವ್ ಇನ್ನೊಂದು ಸೂಚ್ಯಂಕ ರೂಪಿಸಿದರು. ಹಾಗಿದ್ದರೂ ಸರಳತೆಯ ಕಾರಣದಿಂದ ಡೀನ್ ಕ್ರಮವೇ ಭಾರತವೂ ಸೇರಿದಂತೆ ಹಲವೆಡೆ ಬಳಕೆಯಲ್ಲಿದೆ. ಕರ್ನಾಟಕದ ಕೋಲಾರ, ತುಮಕೂರು, ರಾಯಚೂರು, ಕೊಪ್ಪಳ ಮೊದಲಾದ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕವಾಗಿರುವ ಪ್ರದೇಶಗಳಿವೆ. ಅಲ್ಲಿಯ ಸಮಸ್ಯೆ ಫ್ಲೋರೈಡ್ ಬೆರೆಸುವುದಲ್ಲ, ಅದನ್ನು ತೆಗೆಯುವುದು. ಭಾರತೀಯ ಮಾನಕದ ಪ್ರಕಾರ ಲೀಟರ್ ನೀರಿನಲ್ಲಿ ೧ ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ. ಬೇರೆ ನೀರಿನ ಮೂಲವಿಲ್ಲದಾಗ ೧.೫ ಮಿಲಿಗ್ರಾಂವರೆಗೆ ಅವಕಾಶವಿದೆ.

ಕೊನೆಯ ವರ್ಷಗಳು

೧೯೪೮ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ದಂತ ಸಂಶೋಧನಾ ಸಂಸ್ಥೆಯನ್ನು ಡೀನ್ ೧೯೫೩ರವರೆಗೆ ಮುನ್ನಡೆಸಿದರು. ನಿವೃತ್ತಿಯ ನಂತರ ಅಮೆರಿಕನ್ ದಂತವೈದ್ಯ ಸಂಘದಲ್ಲಿ ಸೇವೆ ಸಲ್ಲಿಸಿದರು. ೧೯೬೨ರಲ್ಲಿ, ತಮ್ಮ ೬೮ನೆಯ ವಯಸ್ಸಿನಲ್ಲಿ, ನಿಧನರಾದರು.