ಗೆಳೆಯರ ಸಹಿಗಳನ್ನು ಕೊರಳಲ್ಲಿ ಧರಿಸಿದ ಸಂತ



ಭಾನುವಾರ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಒಂದು ಕ್ಷಣ ನಿಂತು ನೋಡಿ. ಅಲ್ಲಲ್ಲಿ ಗುಂಪುಗೂಡಿ ಜನ ಮಾತನಾಡುತ್ತಿರುತ್ತಾರೆ. ಗೇಟಿನ ಹತ್ತಿರ ಮಾತ್ರ ಯಾರೋ ಒಬ್ಬರೇ ನಿಂತಿರುತ್ತಾರೆ. ಕೆಲಸಕ್ಕೆಂದು ಬೇರೆ ಊರಿನಿಂದ ಬಂದ ಯುವಕನಿರಬಹುದು, ಮದುವೆಯಾಗಿ ಬಂದ ಸೊಸೆ ಇರಬಹುದು, ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುವ ಹುಡುಗಿ ಇರಬಹುದು. ಯಾರೂ ಮಾತನಾಡಿಸದಿದ್ದರೆ ಐದು ನಿಮಿಷ ಕಾದು ಹೊರಟುಹೋಗುತ್ತಾರೆ.

ನಾನು ಗುರುಮಠಕ್ಕೆ ಸೇರಿದ ಮೊದಲ ವಾರ ರಾತ್ರಿ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡು ಅತ್ತವನು. ಮನೆಯ ನೆನಪಾದಾಗ ಸಂತರ ಚರಿತ್ರೆ ಓದು ಎಂದು ಹಿರಿಯರೊಬ್ಬರು ಹೇಳಿದರು. ಓದಿದೆ. ಆ ಸಂತರಲ್ಲಿ ಒಬ್ಬರೂ ಊರನ್ನು ನೆನೆದು ಅತ್ತಂತೆ ಕಾಣಲಿಲ್ಲ. ನನಗೆ ಇನ್ನಷ್ಟು ನಾಚಿಕೆಯಾಯಿತು. ಎಷ್ಟೋ ವರ್ಷಗಳ ಮೇಲೆ ಸಂತ ಫ್ರಾನ್ಸಿಸ್ ಝೇವಿಯರರ ಪತ್ರಗಳು ಕೈಗೆ ಸಿಕ್ಕಾಗ, ಆ ವಾರ ಈ ಪುಸ್ತಕವನ್ನು ಯಾರಾದರೂ ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಬೆಂಗಳೂರಿನ ಪ್ರಧಾನಾಲಯ ಅವರ ಹೆಸರಿನಲ್ಲಿದೆ. ಗೋವೆಯಲ್ಲಿ ಅವರ ಪಾರ್ಥಿವ ಶರೀರದ ದರ್ಶನ ಪಡೆದು ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಒಂಟಿತನದಿಂದ ನರಳಿದ ಝೇವಿಯರರನ್ನು ನಾವು ಅಷ್ಟಾಗಿ ಬಲ್ಲೆವೆ?

ಅವರು ಹುಟ್ಟಿದ್ದು 1506ರ ಏಪ್ರಿಲ್ 7ರಂದು, ನವಾರ ಎಂಬ ಪುಟ್ಟ ರಾಜ್ಯದ ಝೇವಿಯರ್ ಕೋಟೆಯಲ್ಲಿ. ಮನೆಮಾತು ಬಾಸ್ಕ್. ಆರು ವರ್ಷದ ಬಾಲಕನಾಗಿದ್ದಾಗ ನೆರೆಯ ಸ್ಪೇನ್ ದೇಶದವರು ನವಾರವನ್ನು ವಶಪಡಿಸಿಕೊಂಡರು. 1515ರಲ್ಲಿ ತಂದೆ ತೀರಿಕೊಂಡರು. ಮರುವರ್ಷ ಆ ಮನೆತನದ ಕೋಟೆಯ ಬುರುಜುಗಳನ್ನು ಕೆಡವಲಾಯಿತು. ಹುಡುಗ ಊರು ಬಿಡುವ ಮೊದಲೇ ಊರು ಅರ್ಧ ಕೈತಪ್ಪಿತ್ತು ಎನ್ನಬೇಕು. 1525ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಓದಲು ಪ್ಯಾರಿಸ್ಸಿಗೆ ಹೋದವರು ಮತ್ತೆ ತಾಯಿಯ ಮುಖ ನೋಡಲಿಲ್ಲ. ಆ ತಾಯಿ 1529ರಲ್ಲಿ ತೀರಿಕೊಂಡರು.

ಪ್ಯಾರಿಸ್ಸಿನ ಸಂತ ಬಾರ್ಬರಾ ಕಾಲೇಜಿನಲ್ಲಿ ಅವರ ಕೋಣೆಯ ಜೊತೆಗಾರ ಪೀಟರ್ ಫೇಬರ್, ಸವಾಯ್ ಬೆಟ್ಟಗಳಲ್ಲಿ ಕುರಿ ಕಾಯುತ್ತಿದ್ದ ಹುಡುಗ. ವಯಸ್ಸಿನಲ್ಲಿ ಝೇವಿಯರರಿಗಿಂತ ಆರೇ ದಿನ ಚಿಕ್ಕವರು. ಇವರಿಬ್ಬರ ಸ್ನೇಹ ಸುಲಭವಾಗಿ ಬೆಳೆಯಿತು. ಆದರೆ 1529ರಲ್ಲಿ ಅದೇ ಕೋಣೆಗೆ ಮೂರನೆಯವರು ಬಂದರು. ನಲವತ್ತರ ಹತ್ತಿರದ ವಯಸ್ಸು, ಕುಂಟುವ ಕಾಲು, ಭಿಕ್ಷೆಯಿಂದ ಜೀವನ. ಅವರೇ ಇಗ್ನೇಷಿಯಸ್ ಲೊಯೋಲ. ಆ ಕಾಲಿಗೆ ಪೆಟ್ಟು ಬಿದ್ದದ್ದು 1521ರಲ್ಲಿ, ಪಾಂಪ್ಲೋನದ ಯುದ್ಧದಲ್ಲಿ. ಆಗ ಇಗ್ನೇಷಿಯಸ್ ಕೋಟೆಯೊಳಗೆ ಸ್ಪೇನಿನ ಪರ ಹೋರಾಡುತ್ತಿದ್ದರು. ಝೇವಿಯರರ ಅಣ್ಣಂದಿರು ಎದುರು ಪಕ್ಷದಲ್ಲಿದ್ದರು. ನಮ್ಮ ಮನೆಯನ್ನು ಹಾಳುಮಾಡಿದವರ ಕಡೆಯ ಮನುಷ್ಯ ನಮ್ಮ ಪಕ್ಕದ ಹಾಸಿಗೆಗೆ ಬಂದರೆ ನಾವು ಏನು ಮಾಡುತ್ತೇವೆ, ಯೋಚಿಸಿ ನೋಡಿ. ಝೇವಿಯರರು ಬಹುಕಾಲ ಅವರಿಂದ ದೂರವೇ ಇದ್ದರು. ಇಗ್ನೇಷಿಯಸ್ ಅವಸರ ಮಾಡಲಿಲ್ಲ. ಝೇವಿಯರರು ಅರಿಸ್ಟಾಟಲನ ತತ್ವಶಾಸ್ತ್ರ ಬೋಧಿಸತೊಡಗಿದಾಗ ಅವರ ತರಗತಿಗೆ ವಿದ್ಯಾರ್ಥಿಗಳನ್ನು ಹುಡುಕಿ ಕಳುಹಿಸಿದರು. (ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಎರಡು ಇಡೀ ಭಾಗಗಳನ್ನು ಸ್ನೇಹಕ್ಕೇ ಮೀಸಲಿಟ್ಟಿದ್ದಾನೆ. ನಾವು ಅದನ್ನು ಪರೀಕ್ಷೆಗೆ ಓದಿ ಮರೆತೆವು.) ನಾಲ್ಕೈದು ವರ್ಷ ಹಿಡಿದ ಆ ಸ್ನೇಹ ಕೊನೆಗೆ ಬಿಡಿಸಲಾಗದಂತೆ ಗಟ್ಟಿಯಾಯಿತು. 1534ರ ಆಗಸ್ಟ್ 15ರಂದು ಮೊಂಮಾರ್ತ್ರ್ ಗುಡ್ಡದ ಮೇಲಿನ ದೇವಾಲಯದಲ್ಲಿ ಏಳು ಮಂದಿ ಗೆಳೆಯರು ವ್ರತ ಕೈಗೊಂಡರು. ಯೇಸುಸಭೆಯ ಬೀಜ ಮೊಳೆತದ್ದು ಅಲ್ಲಿ.

ಭಾರತಕ್ಕೆ ಬರಬೇಕಾಗಿದ್ದವರು ಝೇವಿಯರರಲ್ಲ. ಹೆಸರು ಗೊತ್ತಾಗಿದ್ದವರು ಕಾಯಿಲೆ ಬಿದ್ದುದರಿಂದ, 1540ರ ಮಾರ್ಚ್ ತಿಂಗಳಲ್ಲಿ, ಹೊರಡುವ ಹೊತ್ತಿಗೆ ಇವರನ್ನು ಕರೆದು ಹೇಳಲಾಯಿತು. ಹರಿದ ಬಟ್ಟೆ ಹೊಲಿದುಕೊಂಡು ಹೊರಟೇಬಿಟ್ಟರು. ರೋಮಿನಲ್ಲಿ ಇಗ್ನೇಷಿಯಸ್ಸರನ್ನು ಬೀಳ್ಕೊಂಡದ್ದೇ ಕಡೆ. ಆಮೇಲೆ ಅವರಿಬ್ಬರು ಪರಸ್ಪರ ನೋಡಲಿಲ್ಲ. ಮರುವರ್ಷ ಲಿಸ್ಬನ್ನಿನಿಂದ ಹಡಗು ಬಿಟ್ಟ ದಿನ ಅವರಿಗೆ ಮೂವತ್ತೈದು ತುಂಬಿತ್ತು. ಮಾರುತಗಳಿಗಾಗಿ ಮೊಸಾಂಬಿಕ್ ದ್ವೀಪದಲ್ಲಿ ತಿಂಗಳುಗಟ್ಟಲೆ ಕಾದು, ಹಡಗಿನ ರೋಗಿಗಳ ಆರೈಕೆ ಮಾಡಿ, ತಾವೂ ಜ್ವರದಿಂದ ಮಲಗಿ, 1542ರ ಮೇ 6ರಂದು ಗೋವೆಗೆ ಬಂದಿಳಿದರು. ಹದಿಮೂರು ತಿಂಗಳ ಪ್ರಯಾಣ.

ಗುರುತು ಪರಿಚಯ ಇಲ್ಲದ ಊರು. ಅವರು ಪೋಪರ ಪ್ರತಿನಿಧಿಯ ಅಧಿಕಾರಪತ್ರ ಹೊತ್ತು ಬಂದವರು, ದೊಡ್ಡವರ ಮನೆಗಳಲ್ಲಿ ಉಳಿಯಬಹುದಿತ್ತು. ಅವರು ಉಳಿದದ್ದು ಆಸ್ಪತ್ರೆಯಲ್ಲಿ. ರಾತ್ರಿ ಅತಿ ಕಷ್ಟದಲ್ಲಿರುವ ರೋಗಿಯ ಪಕ್ಕದಲ್ಲೇ ನೆಲದ ಮೇಲೆ ಮಲಗುತ್ತಿದ್ದರು. ಹಗಲು ಗಂಟೆ ಬಾರಿಸುತ್ತಾ ಬೀದಿ ಸುತ್ತಿ ಮಕ್ಕಳನ್ನೂ ಗುಲಾಮರನ್ನೂ ಕರೆದು ಪ್ರಾರ್ಥನೆ ಕಲಿಸುತ್ತಿದ್ದರು. ಊರಿನಲ್ಲಿ ಎಲ್ಲರಿಗಿಂತ ಒಂಟಿಯಾಗಿರುವವರು ಯಾರು ಎಂದು ನೋಡಿ ಅವರ ಬಳಿಗೇ ಹೋದಂತೆ ಕಾಣುತ್ತದೆ.

ಅದೇ ವರ್ಷದ ಕೊನೆಗೆ ತಮಿಳು ಕರಾವಳಿಯ ಮುತ್ತಿನ ಬೆಸ್ತರ ನಡುವೆ ಹೋದರು. ಕೆಲವು ವರ್ಷಗಳ ಹಿಂದೆ ಜ್ಞಾನಸ್ನಾನ ಪಡೆದಿದ್ದ ಜನ, ಕಲಿಸುವವರಿಲ್ಲ. ಝೇವಿಯರರಿಗೆ ತಮಿಳಿನ ಗಂಧವಿರಲಿಲ್ಲ. ಎರಡೂ ಭಾಷೆ ಬಲ್ಲ ಕೆಲವರನ್ನು ಕೂಡಿಸಿಕೊಂಡು ಪರಲೋಕ ಪ್ರಾರ್ಥನೆ, ನಮೋ ಮರಿಯಾ, ವಿಶ್ವಾಸ ಸಂಗ್ರಹಗಳನ್ನು ತಮಿಳಿಗೆ ಮಾಡಿಸಿ ಬಾಯಿಪಾಠ ಮಾಡಿದರು. ಗುಡಿಸಲುಗಳ ಮಕ್ಕಳೇ ಅವರ ಮೊದಲ ಗೆಳೆಯರು. ರೋಗಿಗಳ ಮನೆಗಳಿಂದ ಕರೆ ಬಂದು ತಾವು ಹೋಗಲಾಗದಿದ್ದಾಗ ಆ ಮಕ್ಕಳನ್ನೇ ಪ್ರಾರ್ಥಿಸಲು ಕಳುಹಿಸುತ್ತಿದ್ದರು. 1544ರಲ್ಲಿ ವಿಜಯನಗರದ ಕಡೆಯ ದಂಡಿನ ದಾಳಿಗೆ ಹೆದರಿ ಬೆಸ್ತರು ಕನ್ಯಾಕುಮಾರಿಯ ಬಂಡೆಗಳ ಮೇಲೆ ಅನ್ನ ನೀರಿಲ್ಲದೆ ಸಿಕ್ಕಿಕೊಂಡಾಗ, ದೋಣಿಗಳಲ್ಲಿ ಆಹಾರ ತುಂಬಿಸಿಕೊಂಡು ಹೊರಟರು. ಗಾಳಿ ಎದುರಾಯಿತು. ಕೊನೆಗೆ ನೆಲದ ದಾರಿ ಹಿಡಿದರು.

ಇಷ್ಟೆಲ್ಲ ಮಾಡಿದವರು ಒಳಗೆ ಹೇಗಿದ್ದರು? ಅದೇ ವರ್ಷ ಜೊತೆಗಾರರೊಬ್ಬರಿಗೆ ಬರೆದ ಕಾಗದದಲ್ಲಿ, ದುಭಾಷಿಯೂ ಇಲ್ಲದೆ ಒಬ್ಬನೇ ಇದ್ದೇನೆ, ಈ ಜನರ ಮಾತು ನನಗೆ ತಿಳಿಯದು, ನನ್ನ ಮಾತು ಇವರಿಗೆ ತಿಳಿಯದು, ನನ್ನ ಬದುಕು ಹೇಗಿರಬಹುದು ನೀನೇ ಊಹಿಸು ಎಂಬರ್ಥದಲ್ಲಿ ಹೇಳಿಕೊಂಡಿದ್ದಾರೆ. ಯೂರೋಪಿನ ಕಾಗದಗಳ ಕಥೆಯೋ ಕೇಳಲೇಬೇಡಿ. ರೋಮಿನ ಗೆಳೆಯರು 1542ರ ಜನವರಿಯಲ್ಲಿ ಬರೆದದ್ದು ಇವರ ಕೈ ಸೇರಿದ್ದು 1543ರ ಕೊನೆಗೆ. ಲಿಸ್ಬನ್ ಬಿಟ್ಟು ಎರಡೂವರೆ ವರ್ಷವಾದ ಮೇಲೆ ಬಂದ ಮೊದಲ ಕಾಗದ ಅದು. ಇಂದು ದುಬೈಯಲ್ಲಿರುವ ಮಗ ಒಂದು ದಿನ ಫೋನ್ ಮಾಡದಿದ್ದರೆ ನಮಗೆ ನಿದ್ದೆ ಬರುವುದಿಲ್ಲ.

ಆ ಕಾಗದಗಳಿಗೆ ಅವರು ಮಾಡಿದ್ದೇನು ಗೊತ್ತೇ? 1546ರ ಮೇ ತಿಂಗಳಲ್ಲಿ, ಈಗಿನ ಇಂಡೋನೇಷ್ಯದ ಅಂಬೋನ್ ದ್ವೀಪದಿಂದ ಗೆಳೆಯರಿಗೆ ಬರೆಯುತ್ತಾ ತಾವೇ ತಿಳಿಸಿದ್ದಾರೆ. ಬಂದ ಕಾಗದಗಳಿಂದ ಅವರವರ ಕೈಯಾರೆ ಹಾಕಿದ ಸಹಿಗಳನ್ನು ಕತ್ತರಿಸಿ ತೆಗೆದು, ತಮ್ಮ ವ್ರತದ ವಾಕ್ಯಗಳ ಜೊತೆ ಸೇರಿಸಿ, ಸದಾ ಮೈಮೇಲೆ ಧರಿಸಿಕೊಂಡಿದ್ದರು. ಅದು ಮನಸ್ಸಿಗೆ ಕೊಡುವ ಸಮಾಧಾನವನ್ನೂ ಹೇಳಿಕೊಂಡಿದ್ದಾರೆ. ಹೊಸ ಊರಿನಲ್ಲಿ ಬೇರೂರಬೇಕಾದರೆ ಹಳೆಯದನ್ನು ಮರೆಯಬೇಕು ಎಂದು ಬುದ್ಧಿ ಹೇಳುವವರುಂಟು. ನಾನೂ ಹಾಗೆ ಹೇಳಿದ್ದೇನೆ, ಈಗ ಹೇಳುವುದಿಲ್ಲ. ಝೇವಿಯರರು ಒಂದು ಹೆಸರನ್ನೂ ಬಿಡಲಿಲ್ಲ. ತನ್ನನ್ನು ಪ್ರೀತಿಸುವವರು ಎಲ್ಲೋ ಇದ್ದಾರೆ ಎಂಬ ಗಟ್ಟಿ ನೆಲ ಕಾಲಡಿಯಲ್ಲಿ ಇದ್ದುದರಿಂದಲೇ ಅಪರಿಚಿತರ ಬಾಗಿಲು ತಟ್ಟುವ ಧೈರ್ಯ ಅವರಿಗೆ ಬಂತೆಂದು ನನ್ನ ಅನಿಸಿಕೆ. ಆ ಕಾಗದ ಬರೆದು ಮೂರು ತಿಂಗಳೂ ಆಗಿರಲಿಲ್ಲ, ರೋಮಿನಲ್ಲಿ ಪೀಟರ್ ಫೇಬರ್ ತೀರಿಕೊಂಡರು. ಆ ಸುದ್ದಿ ತಿಳಿದ ಮೇಲೆ, ಮಲಾಕ್ಕದಿಂದ ಕೊಚ್ಚಿಗೆ ಬರುವಾಗ ಎದ್ದ ಬಿರುಗಾಳಿಯಲ್ಲಿ, ಝೇವಿಯರರು ಆ ಹಳೆಯ ಕೋಣೆಯ ಗೆಳೆಯನ ಆತ್ಮವನ್ನೇ ಸಂತರ ಸಾಲಿನಲ್ಲಿಟ್ಟು ಪ್ರಾರ್ಥಿಸಿದರು. ಧರ್ಮಸಭೆ ಫೇಬರರಿಗೆ ಸಂತ ಪದವಿ ನೀಡಿದ್ದು 2013ರಲ್ಲಿ.

ಅವರಲ್ಲಿ ಸಿಡುಕೂ ಇತ್ತು. ಕೈಕೆಳಗಿನ ಕೆಲವರನ್ನು ಕಠಿಣವಾಗಿ ನಡೆಸಿಕೊಂಡರು. ಅನ್ಯಧರ್ಮದವರ ಕುರಿತು ಅವರು ಬರೆದ ಕೆಲವು ಮಾತುಗಳನ್ನು ಇಂದು ಓದುವುದು ಕಷ್ಟ. ಇದನ್ನು ಮುಚ್ಚಿಡಬೇಕಾಗಿಲ್ಲ. ಏಕೆಂದರೆ ಮುಂದೆ ಜಪಾನಿನಲ್ಲಿ ಅವರು ಬೇರೆಯದೇ ಪಾಠ ಕಲಿತರು.

1547ರ ಡಿಸೆಂಬರಿನಲ್ಲಿ ಮಲಾಕ್ಕದಲ್ಲಿ ಅಂಜಿರೋ ಎಂಬ ಜಪಾನಿಯ ಭೇಟಿಯಾಯಿತು. ಕೊಲೆ ಮಾಡಿ ಊರು ಬಿಟ್ಟು ಓಡಿಬಂದ ಮನುಷ್ಯ, ಅವನೂ ಪರದೇಶಿಯೇ. ಗೋವೆಯಲ್ಲಿ ಜ್ಞಾನಸ್ನಾನ ಪಡೆದು ಝೇವಿಯರರ ಮಾರ್ಗದರ್ಶಿಯಾದ. 1549ರ ಆಗಸ್ಟ್ 15ರಂದು ಅಂಜಿರೋವಿನ ಊರಾದ ಕಾಗೋಶಿಮದಲ್ಲಿ ಇಳಿದಾಗ ಅವನ ಮನೆಯವರು ಎಲ್ಲರನ್ನೂ ಪ್ರೀತಿಯಿಂದ ಬರಮಾಡಿಕೊಂಡರು. ಆದರೆ ಮತ್ತೆ ಹೊಸ ಭಾಷೆ! ಸುತ್ತಲಿನವರು ತಮ್ಮ ಬಗ್ಗೆಯೇ ಮಾತನಾಡಿಕೊಳ್ಳುತ್ತಿದ್ದರೂ ತಾವು ಶಿಲಾಪ್ರತಿಮೆಗಳಂತೆ ನಿಂತಿರಬೇಕಾಗಿದೆ, ಮತ್ತೆ ಮಕ್ಕಳಾಗಿ ಅಕ್ಷರ ಕಲಿಯಬೇಕಾಗಿದೆ ಎಂದು ಅವರು ಗೋವೆಗೆ ಬರೆದರು. ಪ್ಯಾರಿಸ್ಸಿನಲ್ಲಿ ತತ್ವಶಾಸ್ತ್ರ ಬೋಧಿಸಿದ ಪಂಡಿತರು ನಲವತ್ತಮೂರನೆಯ ವಯಸ್ಸಿನಲ್ಲಿ ಮಗುವಾದರು. ಹೊಸ ಜಾಗದಲ್ಲಿ ನಮ್ಮನ್ನು ತಡೆಯುವುದು ಬಹುಮಟ್ಟಿಗೆ ಈ ನಾಚಿಕೆಯೇ ಅಲ್ಲವೇ? ತಪ್ಪು ಮಾತನಾಡಿದರೆ ನಗುತ್ತಾರೆಂಬ ಅಂಜಿಕೆ. ಝೇವಿಯರರ ಜಪಾನೀ ಮಾತಿಗೂ ಜನ ನಕ್ಕರು.

ಅದೇ ಊರಿನ ಬೌದ್ಧ ಮಠದಲ್ಲಿ ನಿನ್‌ಜಿತ್ಸು ಎಂಬ ವೃದ್ಧ ಮಠಾಧಿಪತಿಯಿದ್ದರು. ವಯಸ್ಸು ಎಂಬತ್ತರ ಆಸುಪಾಸು. ಇವರಿಬ್ಬರೂ ಆತ್ಮ ಅಮರವೋ ಅಲ್ಲವೋ ಎಂದು ಮತ್ತೆ ಮತ್ತೆ ಚರ್ಚಿಸಿದರು. ಹಿರಿಯರು ಒಮ್ಮೆ ಹೌದೆಂದರೆ ಒಮ್ಮೆ ಅಲ್ಲವೆನ್ನುತ್ತಿದ್ದರು. ಅವರು ಕ್ರೈಸ್ತರಾಗಲಿಲ್ಲ. ಆದರೂ ಝೇವಿಯರರು ಅವರ ಬಗ್ಗೆ ಬರೆಯುವಾಗ ಬಳಸಿದ ಪದ ಗೆಳೆಯ ಎಂಬುದೇ. ನನಗೆ ಝೇವಿಯರರ ಬದುಕಿನಲ್ಲಿ ಅತ್ಯಂತ ಪ್ರಿಯವಾದ ಭಾಗ ಇದು. ಒಪ್ಪದವರ ಜೊತೆಗೂ ಕುಳಿತು ಮಾತನಾಡುವ ಸುಖವನ್ನು ಅವರು ಆ ಮುದುಕರಿಂದ ಪಡೆದರು.

ಎರಡು ವರ್ಷದ ಮೇಲೆ ಜಪಾನಿನಿಂದ ಮರಳುವಾಗ ಇಗ್ನೇಷಿಯಸ್ಸರ ಕಾಗದವೊಂದು ಸಿಕ್ಕಿತು. ನಾನು ಪೂರ್ತಿ ನಿನ್ನವನು, ನಿನ್ನನ್ನು ಎಂದೂ ಮರೆಯಲಾರೆ ಎಂಬ ಅರ್ಥದ ಮಾತಿನಿಂದ ಆ ಕಾಗದ ಮುಗಿದಿತ್ತು. ಅದನ್ನು ಕಣ್ಣೀರಿಡುತ್ತಾ ಓದಿದೆನೆಂದೂ ಉತ್ತರವನ್ನು ಕಣ್ಣೀರಿನಲ್ಲೇ ಬರೆಯುತ್ತಿದ್ದೇನೆಂದೂ ಝೇವಿಯರರು 1552ರ ಜನವರಿಯಲ್ಲಿ ಕೊಚ್ಚಿಯಿಂದ ತಿಳಿಸಿದರು. ಊರು ಬಿಟ್ಟು ಹನ್ನೆರಡು ವರ್ಷ ಕಳೆದಿತ್ತು, ಎಷ್ಟೋ ದ್ವೀಪಗಳನ್ನು ದಾಟಿದ್ದರು, ಊರೂರಿನಲ್ಲಿ ಗೆಳೆಯರನ್ನು ಗಳಿಸಿದ್ದರು. ಕಣ್ಣೀರು ಮಾತ್ರ ನಿಂತಿರಲಿಲ್ಲ.

ಆ ವರ್ಷವೇ ಚೀನಾ ದೇಶಕ್ಕೆ ಹೊರಟರು. ತೀರದೆದುರಿನ ಶಾಂಗ್‌ಚುವಾನ್ ದ್ವೀಪದಲ್ಲಿ ಒಂದು ಗುಡಿಸಿಲಿನಲ್ಲಿ, ಒಳನಾಡಿಗೆ ಕರೆದೊಯ್ಯುತ್ತೇನೆಂದು ಮಾತುಕೊಟ್ಟಿದ್ದ ವ್ಯಾಪಾರಿಗಾಗಿ ಕಾದರು. ಅವನು ಬರಲಿಲ್ಲ. ಜ್ವರ ಬಂತು. ಪಕ್ಕದಲ್ಲಿ ಕೊನೆಯವರೆಗೂ ಇದ್ದವನು ಅಂತೋನಿಯೊ ಎಂಬ ಚೀನೀ ಯುವಕ, ಗೋವೆಯಲ್ಲಿ ಓದಿದವನು. ಜ್ವರದ ತಾಪದಲ್ಲಿ ಗುರುಗಳು ತನಗೆ ತಿಳಿಯದ ಭಾಷೆಯಲ್ಲಿ ಏನೋ ಮಾತನಾಡಿದರೆಂದು ಅವನು ಆಮೇಲೆ ಹೇಳಿದ. ಅದು ಬಾಲ್ಯದ ಬಾಸ್ಕ್ ಇರಬಹುದೆಂದು ಅನೇಕರ ಊಹೆ. ಡಿಸೆಂಬರ್ 3ರ ಬೆಳಗಿನ ಜಾವ ಪ್ರಾಣ ಹೋಯಿತು. ನಲವತ್ತಾರು ವರ್ಷ. ಎದೆಯ ಮೇಲಿದ್ದ ಸಣ್ಣ ಡಬ್ಬಿಯಲ್ಲಿ ಗೆಳೆಯರ ಸಹಿಗಳಿದ್ದವು.

ರೋಮಿಗೆ ಆ ಸುದ್ದಿ ಮುಟ್ಟಿರಲಿಲ್ಲ. 1553ರ ಜೂನ್ 28ರಂದು ಇಗ್ನೇಷಿಯಸ್ಸರು ಝೇವಿಯರರ ಹೆಸರಿಗೆ ಒಂದು ಕಾಗದ ಬರೆದರು. ಸಿಕ್ಕ ಮೊದಲ ಹಡಗಿನಲ್ಲಿ ಯೂರೋಪಿಗೆ ಹೊರಟು ಬಾ ಎಂದು ಅದರಲ್ಲಿತ್ತು.